ನಾಲ್ಕು ಕದದ ಖಿಡಕಿ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳೆಯ ಮನೆಗಳ ಖಿಡಕಿಯನ್ನು ಹೊರಗಿನಿಂದ ನೋಡಿ ಅಳೆಯಬಾರದು. ಓಣಿಗೆ ಅದು ಕಲ್ಲುಗೋಡೆಯಲ್ಲಿನ ಕಿರಿದಾದ ಕಿಂಡಿ, ಅಷ್ಟೇ. ಪಡಸಾಲೆಯಲ್ಲಿ ಕುಳಿತರೆ ಅದರ ದೊಡ್ಡಸ್ತಿಕೆ ಗೊತ್ತಾಗುತ್ತದೆ. ಎರಡು ಅಡಿಗೂ ಮಿಕ್ಕ ಗೋಡೆಯ ದಪ್ಪವೆಲ್ಲ ಖಿಡಕಿಯದೇ. ಕೆಳಗೆ ಶಹಾಬಾದ್ ಫರಸಿಯ ಕಟ್ಟೆ. ಹೊರಗೆ ಬಿಸಿಲು 40 ಡಿಗ್ರಿ ದಾಟಿದ್ದರೂ ಆ ಫರಸಿಗೆ ಅಂಗೈ ಒತ್ತಿದರೆ ಹಿತವಾದ ತಂಪು.

ನನಗೆ ಎಲ್ಲಕ್ಕಿಂತ ಮೆಚ್ಚುಗೆ ಅದರ ಕದಗಳು. ಎರಡಲ್ಲ, ನಾಲ್ಕು. ಮೇಲೊಂದು ಜೋಡಿ, ಕೆಳಗೊಂದು ಜೋಡಿ, ಹೊರಬದಿಗೆ ಕಬ್ಬಿಣದ ಸಳಿ. ಕೆಳಗಿನವನ್ನು ಮುಚ್ಚಿ ಮೇಲಿನವನ್ನು ತೆರೆದಿಟ್ಟರೆ ಮಧ್ಯಾಹ್ನ ಒರಗಿದವರು ದಾರಿಹೋಕರ ಕಣ್ಣಿಗೆ ಬೀಳುವುದಿಲ್ಲ; ಬೆಳಕು ಬರುತ್ತದೆ, ಮೇಲೇರಿದ ಬಿಸಿಗಾಳಿಗೂ ಹೊರದಾರಿ ಸಿಗುತ್ತದೆ. ಸಂಜೆ ಗಾಳಿ ಬಿಟ್ಟಾಗ ನಾಲ್ಕನ್ನೂ ತೆರೆಯಬೇಕು. ಬಿಸಿಲು ವಿಪರೀತವಾದ ದಿನ ಒಂದೇ ಕದವನ್ನು ನಾಲ್ಕು ಬೆರಳಷ್ಟು ಓರೆ ಮಾಡಿದರೆ ಸಾಕು, ನೆಲಕ್ಕೆ ಬಿದ್ದ ಬೆಳಕಿನ ಪಟ್ಟಿ ಹೊತ್ತು ಸರಿದಂತೆ ತಾನೂ ಸರಿಯುತ್ತದೆ. ಅದನ್ನೇ ನೋಡುತ್ತ ಕೂರಬಹುದು.

ಮೇಲಿನಿಂದ ಬೆಳಕು ಇಳಿಸುವ ಜಾಣತನ ಈ ಭಾಗಕ್ಕೆ ಹಳೆಯದು. 1367ರಲ್ಲಿ ಕಟ್ಟಿದ ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ಬಯಲು ಅಂಗಳವೇ ಇಲ್ಲ, ಎಲ್ಲವೂ ಚಾವಣಿಯಡಿ. ಬದಿಯ ಕಮಾನುಗಳೂ ದೊಡ್ಡ ಗುಮ್ಮಟದ ಬುಡದ ಕಿಂಡಿಗಳೂ ಒಳಗನ್ನು ಬೆಳಗುತ್ತವೆ. ಒಕ್ಕಲಿನ ಮನೆಗೆ ಗುಮ್ಮಟ ಎಲ್ಲಿಯದು? ಮಣ್ಣಿನ ಮಾಳಿಗೆಯಲ್ಲೇ ಒಂದು ಬೆಳಕಿಂಡಿ ಬಿಡುತ್ತಿದ್ದರು. ಮಳೆ ಬಂತೆಂದರೆ ಅದನ್ನು ಮುಚ್ಚಲು ಯಾರಾದರೂ ಮೇಲಕ್ಕೆ ಓಡಬೇಕು.

ಈಗ ಮನೆ ಕಟ್ಟಿಸುವವರ ಮುಂದೆ ಅಲ್ಯುಮಿನಿಯಂ, ಯುಪಿವಿಸಿ ಸ್ಲೈಡಿಂಗ್ ಖಿಡಕಿಗಳಿವೆ. ಅಮೆರಿಕದ ಮನೆಗಳಲ್ಲಿ ಸಿಂಗಲ್ ಹಂಗ್ ಎಂಬುದುಂಟು: ಮೇಲಿನ ಗಾಜು ಅಲುಗದು, ಕೆಳಗಿನದನ್ನಷ್ಟೇ ಮೇಲಕ್ಕೆತ್ತಬೇಕು. ಇವು ಎಷ್ಟು ಜಗ್ಗಿದರೂ ಸಾಮಾನ್ಯವಾಗಿ ತೆರೆಯುವುದು ಅರ್ಧ. ಸಿಂಗಲ್ ಹಂಗ್‌ನಲ್ಲಂತೂ ತೆರೆಯುವುದು ಕೆಳಗಿನ ಅರ್ಧ. ನಮ್ಮ ಬೇಸಿಗೆಗೆ ಬೇಕಾದದ್ದು ಮೇಲಿನದು! ಅಲ್ಯುಮಿನಿಯಂ, ಯುಪಿವಿಸಿಗೆ ಗೆದ್ದಲ ಕಾಟವಿಲ್ಲ, ಮಳೆಗೆ ಉಬ್ಬುವುದಿಲ್ಲ, ಒಪ್ಪಿದೆ. ಆದರೆ ಎರೆಹೊಲದ ಧೂಳು ಸ್ಲೈಡಿಂಗ್‌ನ ಹಳಿಯಲ್ಲಿ ಕೂತರೆ ಅದನ್ನು ಕಡ್ಡಿ ಹಾಕಿ ಕೆದಕುತ್ತಿರಬೇಕು.

ಹಳೆ ಮನೆ ಬಿಚ್ಚುವಾಗ ಇಂಥ ಖಿಡಕಿ ಚೌಕಟ್ಟು ಸಮೇತ ಮಾರಾಟಕ್ಕೆ ಬರುವುದುಂಟು. ಸಾಗವಾನಿಯದಾದರೆ ಬಿಡಬೇಡಿ. ಬಣ್ಣ ಕೆರೆದು ಬಿಜಾಗರಿಗೆ ಎಣ್ಣೆ ಬಿಟ್ಟರೆ ಕದ ಮತ್ತೆ ಹಗುರಾಗಿ ಆಡುತ್ತದೆ. ಒಂಬತ್ತು ಇಂಚಿನ ಹೊಸ ಗೋಡೆಯಲ್ಲಿ ಕೂರುವ ಕಟ್ಟೆ ಸಿಗದು, ಒಂದು ತಂಬಿಗೆ ಇಡುವಷ್ಟು ಜಾಗ ಸಿಕ್ಕೀತು. ಇಳಿಹೊತ್ತಿನ ಬಿಸಿಲು ಹೊಡೆಯುವ ಪಡುವಣ ಗೋಡೆಗೆ ಮಾತ್ರ ಕೂರಿಸಬೇಡಿ.