ಚಾಪ್ಲಿನ್ನನ ಧರ್ಮ, ಚಾಪ್ಲಿನ್ನನ ಎತ್ತರ

ಹಾಸನದ ಹೆದ್ದಾರಿಯಲ್ಲಿ ಕುಣಿಗಲ್ ಹತ್ತಿರ ಬಂದಾಗ ಬಸ್ಸಿನೊಳಗಿನ ಮಾತು ಸ್ವಲ್ಪ ಹೊತ್ತು ನಿಲ್ಲುತ್ತದೆ. ಕಿಟಕಿ ಪಕ್ಕ ಕೂತವರು ಕೈ ಮುಗಿಯುತ್ತಾರೆ, ಇಲ್ಲವೇ ಮೊಬೈಲ್ ಎತ್ತುತ್ತಾರೆ. ಬಿದನಗೆರೆಯ ಪಂಚಮುಖಿ ಆಂಜನೇಯ. 2022ರ ಏಪ್ರಿಲ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅನಾವರಣ ಮಾಡಿದ ಮೂರ್ತಿ. ಕಳೆದ ಸಲ ಹೋಗುವಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ‘ಎಷ್ಟಡಿ ಐತೆ ಗೊತ್ತೇನಪ್ಪಾ?’ ಅಂದರು. ‘ನೂರಾ ಅರವತ್ತೊಂದು’ ಅಂದೆ. ಅವರಿಗೆ ಸಂತೋಷವಾಯಿತು. ಹೆಂಗೈತೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ದೇವರನ್ನು ಹೇಗಿದ್ದಾನೆ ಎಂದು ಯಾರು ಕೇಳುತ್ತಾರೆ?

ಅದೇ ರಸ್ತೆ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುತ್ತದೆ. ಅಲ್ಲಿಂದ ಕಡಲ ಬದಿ ಹಿಡಿದು ಉತ್ತರಕ್ಕೆ ಹೋದರೆ ಬೈಂದೂರು, ಪಕ್ಕದಲ್ಲೇ ಒತ್ತಿನೆಣೆ. 2009ರಲ್ಲಿ ಅಲ್ಲೂ ಒಂದು ಎತ್ತರದ ಮೂರ್ತಿ ಏಳಬೇಕಿತ್ತು. ನಿರ್ದೇಶಕ ಹೇಮಂತ್ ಹೆಗಡೆ ತಮ್ಮ ‘ಹೌಸ್‌ಫುಲ್’ ಚಿತ್ರಕ್ಕಾಗಿ ಚಾರ್ಲಿ ಚಾಪ್ಲಿನ್ನನ ಪ್ರತಿಮೆ ನಿಲ್ಲಿಸಲು ಹೊರಟಿದ್ದರು. 67 ಅಡಿ ಎಂದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಮಾರ್ಚ್ ತಿಂಗಳಲ್ಲಿ ಕೆಲವರು ಬಂದು ತಡೆದರು. ಚಾಪ್ಲಿನ್ ಕ್ರೈಸ್ತ, ಹತ್ತಿರದಲ್ಲೇ ಸೋಮೇಶ್ವರನ ಗುಡಿಯಿದೆ, ಇಲ್ಲಿ ಬೇಡ ಎಂಬುದು ಅವರ ತಕರಾರು. ಆ ಪ್ರತಿಮೆ ಅಲ್ಲಿ ಏಳಲಿಲ್ಲ.

ಸುದ್ದಿ ಪರದೇಶದ ಪತ್ರಿಕೆಗಳಿಗೂ ಹೋಯಿತು. ಎಲ್ಲರೂ ನಕ್ಕರು. ನಾನೂ ನಕ್ಕವನೇ. ಆಮೇಲೆ ಯೋಚಿಸಿದಾಗ, ತಡೆದವರದು ಪೂರ್ತಿ ಅವಿವೇಕ ಅನ್ನಿಸಲಿಲ್ಲ. ನಮ್ಮ ಕಡೆ ಬಯಲಲ್ಲಿ ಎತ್ತರಕ್ಕೆ ನಿಂತದ್ದು ಬಹಳ ದಿನ ಬರೀ ನೋಡುವ ವಸ್ತುವಾಗಿ ಉಳಿಯುವುದಿಲ್ಲ. ಯಾರೋ ಹೂವಿಡುತ್ತಾರೆ, ಇನ್ಯಾರೋ ಕಾಯಿ ಒಡೆಯುತ್ತಾರೆ, ವರ್ಷಕ್ಕೊಂದು ದಿನ ಗೊತ್ತಾಗುತ್ತದೆ. ರಾಜಕಾರಣಿಯ ಪ್ರತಿಮೆಗೂ ಕ್ಷೀರಾಭಿಷೇಕ ಮಾಡುವವರು ನಾವು. ಗುಡಿಯ ಪಕ್ಕ ನಿಂತ ದೊಡ್ಡ ಆಕೃತಿಯನ್ನು ಇನ್ನೊಂದು ದೇವರೆಂದು ಅವರು ಅನುಮಾನಿಸಿದರೆ ಆ ಅನುಮಾನಕ್ಕೆ ಬೇರು ಇಲ್ಲಿಯ ಅಭ್ಯಾಸದಲ್ಲೇ ಇದೆ. ತಪ್ಪಿದ್ದು ಬೇರೆ ಕಡೆ. ಪ್ರಶ್ನೆ ‘ಯಾರ ಮೂರ್ತಿ’ ಎಂಬಲ್ಲಿ ಶುರುವಾಗಿ ಅಲ್ಲೇ ಮುಗಿಯಿತು.

ಯಾಕೆಂದರೆ ನನಗೂ ಆ ಪ್ರತಿಮೆಯ ಬಗ್ಗೆ ತಕರಾರಿತ್ತು. ಅದನ್ನು ಹೇಳಲು ಜಾಗವೇ ಸಿಗಲಿಲ್ಲ.

‘ಸಿಟಿ ಲೈಟ್ಸ್’ ನೋಡಿದ್ದೀರಲ್ಲ? 1931ರ ಚಿತ್ರ. ಅದು ಶುರುವಾಗುವುದೇ ಒಂದು ಪ್ರತಿಮೆಯ ಅನಾವರಣದಿಂದ. ಊರಿನ ಗಣ್ಯರು ನೆರೆದಿದ್ದಾರೆ. ಭಾಷಣ ನಡೆದಿದೆ, ಆದರೆ ಕೇಳಿಸುವುದು ಮಾತಲ್ಲ, ಪೀಪಿ ಊದಿದಂಥ ಕಿರುಚು. ಯಾವ ಭಾಷೆಯ ಭಾಷಣಕ್ಕೂ ಅದು ಒಪ್ಪುತ್ತದೆ, ನಮ್ಮ ಜಿಲ್ಲೆಯ ಸಮಾರಂಭಗಳಿಗಂತೂ ಚೆನ್ನಾಗಿಯೇ ಒಪ್ಪುತ್ತದೆ. ಪರದೆ ಏಳುತ್ತದೆ. ಶಾಂತಿ ಮತ್ತು ಸಮೃದ್ಧಿಯ ಪ್ರತಿಮೆ. ಅದರ ಮಡಿಲಲ್ಲಿ ಅಲೆಮಾರಿ ಚಾರ್ಲಿ ಗಾಢ ನಿದ್ದೆಯಲ್ಲಿದ್ದಾನೆ. ಜನ ಕೂಗಾಡಿದ ಮೇಲೆ ಎದ್ದು ಇಳಿಯಲು ನೋಡುತ್ತಾನೆ, ಚಡ್ಡಿ ಕಲ್ಲಿನ ಕತ್ತಿಗೆ ಸಿಕ್ಕಿಕೊಳ್ಳುತ್ತದೆ. ಶಾಂತಿಯ ಪ್ರತಿಮೆಯಲ್ಲಿ ಕತ್ತಿ ಯಾಕಿದೆ ಎಂದು ಚಿತ್ರ ಕೇಳುವುದಿಲ್ಲ, ಅವನ ಚಡ್ಡಿ ಕೇಳುತ್ತದೆ. ಅಷ್ಟರಲ್ಲಿ ರಾಷ್ಟ್ರಗೀತೆ. ಎಲ್ಲರೂ ನೆಟ್ಟಗೆ ನಿಲ್ಲುತ್ತಾರೆ. ನೇತಾಡುತ್ತಿರುವ ಚಾರ್ಲಿಯೂ ಟೋಪಿ ತೆಗೆದು ನೆಟ್ಟಗೆ ನಿಲ್ಲಲು ಹೆಣಗುತ್ತಾನೆ, ಕಾಲು ಜಾರುತ್ತದೆ, ಮತ್ತೆ ನಿಲ್ಲುತ್ತಾನೆ. ಅವನಿಗೆ ಅಗೌರವದ ಉದ್ದೇಶ ಚೂರೂ ಇಲ್ಲ. ಮರ್ಯಾದಸ್ಥನೇ. ಆ ಕಲ್ಲಿನ ವ್ಯವಸ್ಥೆಯಲ್ಲಿ ಅವನಿಗೆ ಕಾಲೂರುವಷ್ಟು ಜಾಗವಿಲ್ಲ, ಅಷ್ಟೆ. ಇಳಿಯುವ ಗಡಿಬಿಡಿಯಲ್ಲಿ ಅವನ ಮೂಗು ಒಂದು ಕಲ್ಲಿನ ಕೈಯ ಹೆಬ್ಬೆರಳಿಗೆ ತಾಗಿ, ಪ್ರತಿಮೆಯೇ ಗಣ್ಯರನ್ನು ಅಣಕಿಸಿದಂತೆ ಕಾಣುತ್ತದೆ.

ದೊಡ್ಡ ಪ್ರತಿಮೆಗಳ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ. ಇದನ್ನು ಮಾಡಿದವನನ್ನೇ 67 ಅಡಿಗೆ ಎತ್ತಿ ನಿಲ್ಲಿಸುವುದೆಂದರೆ! ಚಾರ್ಲಿಯ ಹಾಸ್ಯವೆಲ್ಲ ಇರುವುದು ಅವನ ಕುಳ್ಳು ಮೈಯಲ್ಲಿ, ಅವನಿಗಿಂತ ದೊಡ್ಡದಾದ ಬೂಟಿನಲ್ಲಿ, ಪೊಲೀಸನ ಎದೆಮಟ್ಟಕ್ಕೆ ಬರುವ ಅವನ ಟೋಪಿಯಲ್ಲಿ. ಅವನನ್ನು ದೈತ್ಯ ಮಾಡಿದರೆ ಉಳಿಯುವುದು ಮೀಸೆ ಮತ್ತು ಕೋಲು. ಇದು ನನ್ನ ತಕರಾರು. ಒತ್ತಿನೆಣೆಯಲ್ಲಿ ಆಳೆತ್ತರದ ಚಾರ್ಲಿ ಒಂದು ಬಂಡೆ ಮೇಲೆ ಕಡಲಿಗೆ ಬೆನ್ನು ಹಾಕಿ ಕೂತಿದ್ದರೆ ಸಾಕಿತ್ತು ಎಂದು ಆಗಲೇ ಬರೆಯಬಹುದಿತ್ತು. ಬರೆಯಲಿಲ್ಲ. ಬರೆದರೆ ತಡೆದವರ ಪಕ್ಷಕ್ಕೆ ಇನ್ನೊಬ್ಬ ಸಿಕ್ಕಂತಾಗುತ್ತದೆ ಎಂಬ ಭಯ. ಆದ್ದರಿಂದ ಗೆಳೆಯರ ಜೊತೆ ಸೇರಿ, ನನಗೇ ಇಷ್ಟವಿಲ್ಲದ ಪ್ರತಿಮೆಯನ್ನು ಕಲೆಯ ಹೆಸರಿನಲ್ಲಿ ಸಮರ್ಥಿಸಿದೆ.

ಅಂದಹಾಗೆ, ಚಾಪ್ಲಿನ್ನನ ಧರ್ಮವನ್ನು ಮೊದಲು ಕೇಳಿದವರು ಒತ್ತಿನೆಣೆಯವರಲ್ಲ. ನಾತ್ಸಿಗಳು ಅವನನ್ನು ಯಹೂದಿ ಎಂದು ಪಟ್ಟಿಗೆ ಸೇರಿಸಿದ್ದರು. ಅವನು ಯಹೂದಿಯಲ್ಲ. ಆದರೂ ಅಲ್ಲವೆನ್ನಲು ಹೋಗಲಿಲ್ಲ. 1940ರ ‘ದಿ ಗ್ರೇಟ್ ಡಿಕ್ಟೇಟರ್’ನಲ್ಲಿ ಯಹೂದಿ ಕ್ಷೌರಿಕನ ಪಾತ್ರವನ್ನೇ ಮಾಡಿದ.

2020ರ ಜನವರಿಯಲ್ಲಿ ಕನಕಪುರದ ಕಪಾಲಬೆಟ್ಟದ ವಿಷಯದಲ್ಲೂ ಇದೇ ಆಯಿತು. 114 ಅಡಿಯ ಏಸುವಿನ ಪ್ರತಿಮೆಗೆ ವಿರೋಧವಾಗಿ ಮೆರವಣಿಗೆ ನಡೆಯಿತು. ಜಮೀನು ಯಾರು ಕೊಟ್ಟರು, ಬೆಟ್ಟ ಯಾರದು, ಎಷ್ಟು ಅಡಿ — ಇವೇ ಚರ್ಚೆ. ಆ ಏಸುವಿನ ಮುಖದಲ್ಲಿ ಕರುಣೆ ಇರುತ್ತದೋ ಸಿಮೆಂಟು ಇರುತ್ತದೋ ಎಂದು ಪರವಾಗಿದ್ದವರೂ ಕೇಳಿದ್ದು ನನಗೆ ಕಾಣಲಿಲ್ಲ. ಬಿದನಗೆರೆಯಲ್ಲಿ ವಿರೋಧವಿಲ್ಲದೆ ಆದ ಮೌನ ಕಪಾಲಬೆಟ್ಟದಲ್ಲಿ ವಿರೋಧದಿಂದ ಆಯಿತು.

ನಮ್ಮ ಜಿಲ್ಲೆಗೆ ಇದು ಹೊಸ ಅಭ್ಯಾಸವೇ ಇರಬೇಕು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ಚನ್ನಬಸವೇಶ್ವರನ ಹೆಸರು ಹೊತ್ತು. ಆ ಹೆಸರಿನ ಕೆಳಗೆ ವೀರಣ್ಣನವರು ‘ಸದಾರಮೆ’ಯ ಕಳ್ಳನಾಗಿ ಜನರನ್ನು ನಗಿಸಿದರು, 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದರು. ಅದೂ ಗಾತ್ರದ ಮೋಹವೇ, ಒಪ್ಪುತ್ತೇನೆ. ಆದರೆ ಟಿಕೆಟ್ ಕೊಟ್ಟು ಬಂದವರಿಗೆ ಚೆನ್ನಾಗಿಲ್ಲ ಎನ್ನುವ ಹಕ್ಕಿತ್ತು.

ಗುಬ್ಬಿಯವಳಾದ ನಮ್ಮಜ್ಜಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡುವಾಗ ಕೃಷ್ಣ ರಂಗಕ್ಕೆ ಬಂದ ಕೂಡಲೇ ಎದ್ದು ನಿಂತು ಕೈ ಮುಗಿಯುತ್ತಿದ್ದಳಂತೆ. ಪಕ್ಕದಲ್ಲಿ ಕೂತ ಮಕ್ಕಳಿಗೂ ಮುಗಿಸುತ್ತಿದ್ದಳು. ನಾಟಕ ಮುಗಿದು ಬೆಳಗಿನ ಜಾವ ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಅವಳದು ಒಂದೇ ಗೊಣಗು: ‘ಈ ಸಲದ ಕೃಷ್ಣ ಏನೂ ಚೆನ್ನಾಗಿಲ್ಲ ಕಣ್ರೋ. ದನಿನೇ ಇಲ್ಲ ಅವನ್ಗೆ.’