ಓಜಸ್ಸು ಮತ್ತು ಪ್ರಸಾದ: ಎರಡು ಕಾರುಗಳ ವಿಮರ್ಶೆ

ನಮ್ಮ ಲಾಕ್ಷಣಿಕರು ಕಾವ್ಯಗುಣಗಳನ್ನು ಹೇಳುವಾಗ ಓಜಸ್ಸನ್ನೂ ಪ್ರಸಾದವನ್ನೂ ಸಮಾನವಾಗಿ ಮನ್ನಿಸಿದರು. ಓದುಗರಾದರೋ ಬಹುಮಟ್ಟಿಗೆ ಓಜಸ್ಸಿಗೆ ಮಾರುಹೋಗಿ, ಪ್ರಸಾದವನ್ನು ಸುಲಭವೆಂದು ಕಡೆಗಣಿಸುವರು. ಈ ಪಕ್ಷಪಾತವು ಯಂತ್ರಗಳ ವಿಷಯದಲ್ಲಿಯೂ ಉಂಟು. ರಸಿಕರು ಸಂಗ್ರಹಿಸಿಡುವ ಎರಡು ಸ್ಪೋರ್ಟ್ಸ್ ಕಾರುಗಳನ್ನು ಇಲ್ಲಿ ಹೋಲಿಸಿ ನೋಡೋಣ. ನಾವು ಇವನ್ನು ನಡೆಸಿದವರಲ್ಲ. ಚಿತ್ರಗಳಿಂದಲೂ ಬರಹಗಳಿಂದಲೂ ಬಲ್ಲವರು.

ಮೊದಲನೆಯದು ಜರ್ಮನಿಯ ಮರ್ಸಿಡಿಸ್-ಬೆಂಜ್ 300 ಎಸ್‌ಎಲ್. 1952ರ ಪಂದ್ಯದ ಕಾರಿನಿಂದ ಹುಟ್ಟಿದ ಇದು 1954ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಜನರ ಮುಂದೆ ಬಂದಿತು. ಇದರ ಬಾಗಿಲುಗಳು ಮೇಲಕ್ಕೆ ತೆರೆದು ಕಡಲಹಕ್ಕಿಯ ರೆಕ್ಕೆಗಳಂತೆ ನಿಲ್ಲುತ್ತವೆ. ಅದು ಬರಿಯ ಸಿಂಗಾರವೆಂದು ಭಾವಿಸಬಾರದು. ತೂಕ ತಗ್ಗಲೆಂದು ತೆಳ್ಳನೆಯ ಉಕ್ಕಿನ ಕೊಳವೆಗಳನ್ನು ಹೆಣೆದು ಚೌಕಟ್ಟು ಮಾಡಿದರು. ಬಿಗಿ ಬರಲು ಆ ಹೆಣಿಗೆಯು ಪಕ್ಕಗಳಲ್ಲಿ ಎತ್ತರಕ್ಕೇರಿತು. ಸಾಮಾನ್ಯ ಬಾಗಿಲಿಗೆ ಎಡೆಯೇ ಉಳಿಯಲಿಲ್ಲ. ಛಂದಸ್ಸಿನ ಕಟ್ಟು ಕವಿಯಿಂದ ಹೊಸ ಪದವನ್ನು ಹುಡುಕಿಸುವಂತೆ, ಇಲ್ಲಿ ನಿರ್ಬಂಧವೇ ಅಲಂಕಾರವನ್ನು ಹಡೆಯಿತು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೆ ಚಿಮ್ಮಿಸುವ ಅದರ ಏರ್ಪಾಡೂ ಅಂದಿನ ಕಾರುಗಳಲ್ಲಿ ಅಪೂರ್ವ.

ಆದರೆ ದೋಷಗಳನ್ನು ಮರೆಯಲಾಗದು. ಎತ್ತರದ ಹೊಸ್ತಿಲನ್ನು ದಾಟಿ ಒಳಗೆ ಕೂರಬೇಕು. ಬಾಗಿಲ ಗಾಜು ಕೆಳಗಿಳಿಯದು, ಒಳಗೆ ಸೆಕೆ. ಹಿಂದಿನ ಗಾಲಿಗಳು ತೂಗುವ ಅಚ್ಚಿಗೆ ಜೋಡಿಸಿದವಾದ್ದರಿಂದ, ತಿರುವಿನಲ್ಲಿ ವೇಗವನ್ನು ಥಟ್ಟನೆ ತಗ್ಗಿಸಿದರೆ ಹಿಂಭಾಗ ಜಾರುವ ಭಯವುಂಟು. ಪ್ರೌಢ ಕಾವ್ಯದಂತೆ ಇದೂ ಪಳಗಿದವರನ್ನೇ ಬಯಸುತ್ತದೆ.

ಎರಡನೆಯದು ಜಪಾನಿನ ಹೋಂಡಾ ಎನ್‌ಎಸ್‌ಎಕ್ಸ್. 1989ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಕಾಣಿಸಿಕೊಂಡು 1990ರಲ್ಲಿ ಮಾರಾಟಕ್ಕೆ ಬಂದಿತು. ತೂಕ ತಗ್ಗಿಸುವ ಹಂಬಲವೇ ಇಲ್ಲಿಯೂ ಇತ್ತು. ಅದಕ್ಕಾಗಿ ಇಡೀ ಒಡಲನ್ನೇ ಅಲ್ಯೂಮಿನಿಯಮ್ಮಿನಿಂದ ಕಟ್ಟಿದರು. ಆದರೆ ಆ ಸಾಹಸ ಹೊರಗೆ ಕಾಣಿಸದು. ಎಂಜಿನ್ ಚಾಲಕನ ಬೆನ್ನ ಹಿಂದಿದ್ದರೂ, ಯುದ್ಧವಿಮಾನದ ಗಾಜಿನ ಗೂಡನ್ನು ಅನುಸರಿಸಿದ್ದರಿಂದ ನೋಟ ವಿಶಾಲವಾಗಿದೆ. ಬ್ರೆಜಿಲಿನ ಪಂದ್ಯವೀರ ಐರ್ಟನ್ ಸೆನ್ನಾ ಸುಜುಕಾದಲ್ಲಿ ಇದನ್ನು ನಡೆಸಿ, ಒಡಲು ಸಾಲದಷ್ಟು ಬಿಗಿಯೆಂದಾಗ ಶಿಲ್ಪಿಗಳು ಮುನಿಯಲಿಲ್ಲ; ಮತ್ತೆ ತಿದ್ದಿ ಬಲಪಡಿಸಿದರು. ಒಳ್ಳೆಯ ಲೇಖಕನ ಲಕ್ಷಣವಿದು.

ಇಷ್ಟು ಸಲೀಸಾದ ಕಾರಿನಲ್ಲಿ ಆತ್ಮವಿಲ್ಲವೆಂದು ದೂರಿದವರುಂಟು. ಈ ಮಾತನ್ನು ನಾವು ಒಪ್ಪಲಾರೆವು. ಮುಂದೆ 1992ರಲ್ಲಿ ಮೆಕ್ಲಾರೆನ್ ಎಫ್1 ಕಾರನ್ನು ರೂಪಿಸಿದ ಗಾರ್ಡನ್ ಮರೆಯೇ ಎನ್‌ಎಸ್‌ಎಕ್ಸನ್ನು ತನಗೆ ಒರೆಗಲ್ಲಾಗಿ ಇಟ್ಟುಕೊಂಡಿದ್ದನು. ಕಷ್ಟವನ್ನೆಲ್ಲ ಕಟ್ಟಿದವನು ತಾನೇ ನುಂಗಿ, ನಡೆಸುವವನಿಗೆ ಸುಖವನ್ನು ಮಾತ್ರ ಉಳಿಸಿದ್ದು ಕೊರತೆ ಹೇಗಾದೀತು?

ಹರಾಜಿನಲ್ಲಿ ರೆಕ್ಕೆಬಾಗಿಲಿನ ಕಾರು ಹತ್ತು ಲಕ್ಷ ಡಾಲರನ್ನೂ ಮೀರುವುದುಂಟು; ಜಪಾನಿನದು ಬಹಳ ಹಿಂದೆ ಉಳಿಯುತ್ತದೆ. ಮೊದಲಿನದು 1400 ಮಾತ್ರ ತಯಾರಾದದ್ದು ಇದಕ್ಕೆ ಒಂದು ಕಾರಣ. ಅಪರೂಪಕ್ಕೆ ಬೆಲೆಯಿರಲಿ; ಅದನ್ನೇ ಗುಣವೆಂದು ತಿಳಿಯುವುದು ಮಾತ್ರ ಬೇಡ.

ಶಾಲೆಯಲ್ಲಿ ಪ್ರಬಂಧಗಳನ್ನು ತಿದ್ದುವಾಗ ನಾವೂ ಕಠಿಣ ಪದಗಳಿಗೆ ಹೆಚ್ಚು ಅಂಕವಿತ್ತು, ತಿಳಿಯಾದ ವಾಕ್ಯದ ಹಿಂದಿನ ಶ್ರಮವನ್ನು ಕಾಣದೆ ಹೋದದ್ದುಂಟು. ಜರ್ಮನಿಯ ಕಾರಿನ ಓಜಸ್ಸಿಗೆ ತಲೆದೂಗುತ್ತಲೇ, ಜಪಾನಿನ ಕಾರಿನ ಪ್ರಸಾದಕ್ಕೆ ನಮ್ಮ ಮತವನ್ನು ನೀಡುತ್ತೇವೆ. ನಾಳೆಯ ಪ್ರಬಂಧಗಳನ್ನೂ ಇದೇ ಕಣ್ಣಿನಿಂದ ತಿದ್ದಬೇಕೆಂದಿದ್ದೇವೆ.