ಆಂಡಿ ರೀಡ್ ಕೊಡಲೊಲ್ಲದ ಬೆಲೆ

ಅಮೆರಿಕನ್ ಫುಟ್‌ಬಾಲ್‌ನ ಅಂಕಪಟ್ಟಿಯಲ್ಲಿ ಆಕ್ರಮಣದ ಸಾಲಿನ ಐವರಿಗೆ ತಮ್ಮದೇ ಎನ್ನುವ ಒಂದು ಅಂಕಿಯೂ ಇಲ್ಲ. ಚೆಂಡು ಎಸೆದವನಿಗೆ ಗಜಗಳ ಲೆಕ್ಕವಿದೆ, ಹಿಡಿದವನಿಗೆ ಕ್ಯಾಚುಗಳ ಲೆಕ್ಕವಿದೆ, ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದವನಿಗೆ 1982ರಿಂದ ಸ್ಯಾಕ್ ಎಂಬ ಅಧಿಕೃತ ಲೆಕ್ಕವೂ ಇದೆ. ಇವರ ನಡುವೆ ನಿಂತು ತಡೆಯುವವನ ಅಂಗಿಯ ಸಂಖ್ಯೆ ರೆಫರಿಯ ಬಾಯಲ್ಲಿ ಬರುವುದು ಅವನು ಎದುರಾಳಿಯನ್ನು ಹಿಡಿದೆಳೆದು ಹತ್ತು ಗಜದ ದಂಡ ತಂದಾಗ ಮಾತ್ರ. ಅಳತೆಗೋಲು ಇಲ್ಲದ ಕಡೆ ವಿಮರ್ಶೆ ಒರಟಾಗುವುದು ಸಹಜ. ಸಾಲು ಕುಸಿದ ಮರುದಿನ ಎಲ್ಲರದೂ ಒಂದೇ ತೀರ್ಪು: ಇಂಥ ಟ್ಯಾಕಲ್ ಸಾಲದು, ಅವನ ಜಾಗಕ್ಕೆ ಇನ್ನಷ್ಟು ದುಬಾರಿಯವನನ್ನು ತನ್ನಿ. ಕಾನ್ಸಾಸ್ ಸಿಟಿ ಚೀಫ್ಸ್ ತಂಡ 2021, 2023 ಮತ್ತು 2025ರಲ್ಲಿ ಆಡಿದ ಮೂರು ಸೂಪರ್ ಬೌಲ್‌ಗಳನ್ನು, ಅಂದರೆ ಲೀಗಿನ ಅಂತಿಮ ಪಂದ್ಯಗಳನ್ನು, ಪಕ್ಕಪಕ್ಕ ಇಟ್ಟರೆ ಈ ತೀರ್ಪು ಎಷ್ಟು ಪೊಳ್ಳು ಎಂಬುದು ಕಾಣುತ್ತದೆ. ಪ್ರಬಲ ದಾಳಿಯ ಎದುರು ಸಾಲು ಉಳಿಯುವುದೂ ಅಳಿಯುವುದೂ ಐವರ ತೋಳ್ಬಲಕ್ಕಿಂತ ಹೆಚ್ಚಾಗಿ ಎರಡು ಮುಂಚಿನ ನಿರ್ಧಾರಗಳ ಮೇಲೆ ನಿಂತಿದೆ: ಯಾರಿಗೆ ನೆರವು ಕೊಡಬೇಕು, ಚೆಂಡನ್ನು ಎಷ್ಟು ಹೊತ್ತು ಹಿಡಿದಿರಬೇಕು. ಆ ಎರಡನ್ನೂ ಮಾಡುವವನು ಕೋಚ್. ಇಲ್ಲಿ ಕೋಚ್ ಆಂಡಿ ರೀಡ್, ಪಾಸ್ ಆಟವನ್ನು ಹೆಣೆಯುವುದರಲ್ಲಿ ಈ ಕಾಲದ ಅಗ್ರಗಣ್ಯ. ಪಾಸ್‌ಗೆ ಬೇಕಾದ ಸಮಯವನ್ನು ಕಾಯುವುದರಲ್ಲಿ ಅಷ್ಟೇನೂ ಅಲ್ಲ.

ಮೊದಲು ಕೆಲಸ ಏನೆಂದು ನೋಡೋಣ. ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್‌ಗಳು, ಎರಡೂ ತುದಿಯಲ್ಲಿ ಒಬ್ಬೊಬ್ಬ ಟ್ಯಾಕಲ್. ಇವರು ಸುಮಾರು ಎರಡೂವರೆಯಿಂದ ಮೂರು ಸೆಕೆಂಡು ಎದುರಾಳಿಗಳನ್ನು ಕ್ವಾರ್ಟರ್‌ಬ್ಯಾಕ್‌ನಿಂದ ದೂರ ಇಡಬೇಕು. ದಾಳಿ ಮಾಡುವವನು ಮುಂದಕ್ಕೆ ಓಡುತ್ತಾನೆ, ತಡೆಯುವವನು ಹಿಂದಕ್ಕೆ ಜಾರುತ್ತಾ ಅವನನ್ನು ಎದುರಿಸಬೇಕು; ಆಟದ ಮೂಲದಲ್ಲೇ ಈ ಅಸಮತೆ ಇದೆ. 1978ರಲ್ಲಿ ನಿಯಮ ಬದಲಿಸಿ ತೋಳು ಚಾಚಿ, ಅಂಗೈ ಬಿಚ್ಚಿ ತಳ್ಳಲು ಅವಕಾಶ ಕೊಟ್ಟ ಮೇಲೆ ಸ್ವಲ್ಪ ಸಮಾಧಾನವಾಯಿತೇ ಹೊರತು ಅಸಮತೆ ಹೋಗಲಿಲ್ಲ. ತುದಿಯ ಟ್ಯಾಕಲ್ ಹೊರಗಿನಿಂದ ಸುತ್ತಿ ಬರುವವನಿಗಾಗಿ ಬೇಗ ಹಿಂದೆ ಸರಿದರೆ ಅವನು ಒಳಕ್ಕೆ ತಿರುಗುತ್ತಾನೆ; ಒಳಗನ್ನು ಕಾದರೆ ಹೊರಗಿನಿಂದ ಹೋಗುತ್ತಾನೆ; ಎರಡಕ್ಕೂ ಸಿದ್ಧನಾಗಿ ಮೈ ಎತ್ತರಿಸಿದರೆ ಎದೆಗೆ ಕೈಕೊಟ್ಟು ನೇರ ಹಿಂದಕ್ಕೆ ನೂಕಿಕೊಂಡು ಬರುತ್ತಾನೆ. ನಾಲ್ವರು ದಾಳಿ ಮಾಡಿದರೆ ಐವರಲ್ಲಿ ಒಬ್ಬ ಮಿಗುತ್ತಾನಲ್ಲ, ಲೆಕ್ಕ ನಮ್ಮ ಕಡೆಗೇ ಇದೆಯಲ್ಲ ಎಂದು ಕೇಳಬಹುದು. ಮಿಗುವವನು ಸಾಮಾನ್ಯವಾಗಿ ನಡುವಿನವನು, ಅಪಾಯ ಬರುವುದು ಹೆಚ್ಚಾಗಿ ತುದಿಯಿಂದ. ನೆರವು ಇರುವ ಕಡೆ ಬೇಡ, ಬೇಕಾದ ಕಡೆ ಇಲ್ಲ. ತಡೆಯ ಯೋಜನೆ ಎಂದರೆ ಈ ಅಂತರವನ್ನು ಮುಚ್ಚುವ ಉಪಾಯವೇ: ಸಾಲನ್ನೇ ಒಂದು ಬದಿಗೆ ಜಾರಿಸುವುದು, ಟೈಟ್ ಎಂಡ್ ಅಥವಾ ರನ್ನಿಂಗ್ ಬ್ಯಾಕ್ ತನ್ನ ಓಟಕ್ಕೆ ಹೊರಡುವ ಮುನ್ನ ತುದಿಯ ದಾಳಿಕೋರನಿಗೆ ಒಂದು ಏಟು ಕೊಟ್ಟು ಅವನ ಮೊದಲ ಹೆಜ್ಜೆಯನ್ನು ಕೆಡಿಸುವುದು, ಇಲ್ಲವೇ ದಾಳಿ ತಲುಪುವ ಮುನ್ನ ಚೆಂಡನ್ನು ಬಿಟ್ಟುಬಿಡುವುದು. ಯಾವುದೂ ಪುಕ್ಕಟೆಯಲ್ಲ. ಏಟು ಕೊಟ್ಟು ಹೊರಟವನು ತಡವಾಗಿ ತಲುಪುತ್ತಾನೆ, ಬೇಗ ಬಿಟ್ಟ ಚೆಂಡು ದೂರ ಹೋಗುವುದಿಲ್ಲ.

ಈ ಬೆಲೆಯನ್ನು ಮೊದಲೇ ಲೆಕ್ಕಹಾಕಿ ತೆತ್ತವರಲ್ಲಿ ಬಿಲ್ ವಾಲ್ಶ್ ಹೆಸರು ದೊಡ್ಡದು. 1982ರ ಜನವರಿಯಲ್ಲಿ ಅವರ ಸ್ಯಾನ್ ಫ್ರಾನ್ಸಿಸ್ಕೊ ತಂಡ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಆಡಬೇಕಿತ್ತು. ಜೈಂಟ್ಸ್ ಪಾಳಯದಲ್ಲಿ ಲಾರೆನ್ಸ್ ಟೇಲರ್ ಎಂಬ ಹೊಸಬ ಇಡೀ ಲೀಗಿಗೆ ನಡುಕ ಹುಟ್ಟಿಸಿದ್ದ. ವಾಲ್ಶ್ ಅವನಿಗೆ ಎದುರಾಗಿ ಹೊಸ ಟ್ಯಾಕಲ್‌ನನ್ನು ಹುಡುಕಲಿಲ್ಲ. ಎಡ ಗಾರ್ಡ್ ಜಾನ್ ಏಯರ್ಸ್ ಹಲವು ಪಾಸ್‌ಗಳಲ್ಲಿ ಎದುರಿಗೆ ಯಾರೂ ಇಲ್ಲದೆ ನಿಂತಿರುತ್ತಾನೆ ಎಂಬುದನ್ನು ಗಮನಿಸಿ, ಅವನನ್ನೇ ಹಿಂದಕ್ಕೆ ಎಳೆದು ಟೇಲರ್ ಬರುವ ದಾರಿಯಲ್ಲಿ ನಿಲ್ಲಿಸಿದರು. 38-24ರಲ್ಲಿ ಗೆದ್ದರು. ಮೈಕೆಲ್ ಲೂಯಿಸ್ ತಮ್ಮ 'ದಿ ಬ್ಲೈಂಡ್ ಸೈಡ್' ಪುಸ್ತಕದಲ್ಲಿ ಈ ಪ್ರಸಂಗವನ್ನು ವಿವರಿಸಿದ್ದಾರೆ. ಆದರೆ ಆ ಪುಸ್ತಕ ಜನಪ್ರಿಯಗೊಳಿಸಿದ್ದು ಎಡ ಟ್ಯಾಕಲ್‌ಗೆ ಎಷ್ಟು ಕೋಟಿ ಸುರಿದರೂ ಸಾಲದು ಎಂಬ ನಂಬಿಕೆಯನ್ನೇ. ನನ್ನ ಮಟ್ಟಿಗೆ ಅದರೊಳಗಿನ ಹೆಚ್ಚು ಬೆಲೆಬಾಳುವ ಪಾಠ ಏಯರ್ಸ್‌ನದು. ಅದನ್ನು ಓದುಗರು ಕಥೆಯಾಗಿ ಸವಿದು ಮುಂದೆ ಹೋದರು.

ಈಗ ಮೊದಲ ಸಾಕ್ಷ್ಯ. 2021ರ ಫೆಬ್ರುವರಿ 7, ಟ್ಯಾಂಪಾ. ಎಡ ಟ್ಯಾಕಲ್ ಎರಿಕ್ ಫಿಶರ್ ಎರಡು ವಾರ ಹಿಂದೆ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡಿದ್ದ. ಬಲ ಟ್ಯಾಕಲ್ ಮಿಚೆಲ್ ಶ್ವಾರ್ಟ್ಜ್ ಬೆನ್ನುನೋವಿನಿಂದ ತಿಂಗಳುಗಳಿಂದ ಹೊರಗಿದ್ದ. ಗಾರ್ಡ್ ಲೋರಾನ್ ದುವರ್ನೆ-ಟಾರ್ಡಿಫ್ ವೈದ್ಯನೂ ಆಗಿದ್ದರಿಂದ ಆ ಋತುವನ್ನೇ ಬಿಟ್ಟು ಕೋವಿಡ್ ಸೇವೆಗೆ ಹೋಗಿದ್ದ. ಮೈಕ್ ರೆಮ್ಮರ್ಸ್ ಬಲದಿಂದ ಎಡಕ್ಕೆ ಬಂದ, ಗಾರ್ಡ್ ಆಂಡ್ರೂ ವೈಲಿ ಬಲ ಟ್ಯಾಕಲ್ ಆದ. ಎದುರಿಗೆ ಟ್ಯಾಂಪಾ ತಂಡದ ಶಕೀಲ್ ಬ್ಯಾರೆಟ್, ಜೇಸನ್ ಪಿಯರ್-ಪಾಲ್. ಟ್ಯಾಂಪಾದ ರಕ್ಷಣಾ ಸಂಯೋಜಕ ಟಾಡ್ ಬೋಲ್ಸ್ ಹೆಚ್ಚುವರಿ ಆಟಗಾರರನ್ನು ನುಗ್ಗಿಸುವ ಬ್ಲಿಟ್ಜ್‌ಗೆ ಹೆಸರಾದವರು. ಅಂದು ಅದನ್ನು ಬಹುತೇಕ ಕೈಬಿಟ್ಟು ನಾಲ್ವರನ್ನೇ ಕಳಿಸಿ ಏಳು ಮಂದಿಯನ್ನು ಹಿಂದೆ ಇಟ್ಟರು. ಇಷ್ಟೆಲ್ಲ ಆದರೂ ರೀಡ್ ಬಹುಪಾಲು ಐವರ ತಡೆಯನ್ನೇ ನಂಬಿ, ಉಳಿದ ಐವರನ್ನೂ ಚೆಂಡು ಹಿಡಿಯಲು ಓಡಿಸಿದರು. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಮೇಲೆ 29 ಬಾರಿ ಒತ್ತಡ ಬಿತ್ತು, ಸೂಪರ್ ಬೌಲ್ ಇತಿಹಾಸದಲ್ಲಿ ಅದೇ ಅತಿ ಹೆಚ್ಚು ಎಂದು ಇಎಸ್‌ಪಿಎನ್ ಲೆಕ್ಕ ಹಾಕಿತು. ಚೆಂಡು ಬಿಡುವ ಅಥವಾ ಸ್ಯಾಕ್ ಆಗುವ ಮುನ್ನ ಅವನು ಓಡಿದ ಒಟ್ಟು ದೂರ 497 ಗಜ. ಫಲ 31-9ರ ಸೋಲು. ಅವನು ನೆಲಕ್ಕೆ ಸಮಾಂತರವಾಗಿ ಬೀಳುತ್ತಾ ಎಸೆದ ಒಂದು ಪಾಸ್‌ನ ಚಿತ್ರವನ್ನು ಜನ ಇಂದಿಗೂ ಮೆಚ್ಚಿ ಹಂಚಿಕೊಳ್ಳುತ್ತಾರೆ. ಮೆಚ್ಚಲಿ, ಆದರೆ ಕ್ವಾರ್ಟರ್‌ಬ್ಯಾಕ್ ಗಾಳಿಯಲ್ಲಿ ಮಲಗಿ ಎಸೆಯಬೇಕಾಗಿ ಬಂದದ್ದು ಯೋಜನೆಯ ವಿರುದ್ಧದ ದೋಷಾರೋಪ ಪಟ್ಟಿ ಎಂಬುದೂ ನೆನಪಿರಲಿ. ಅದೇ ಪಂದ್ಯದಲ್ಲಿ ಟೈಟ್ ಎಂಡ್ ಟ್ರಾವಿಸ್ ಕೆಲ್ಸಿ 10 ಕ್ಯಾಚ್ ಹಿಡಿದು 133 ಗಜ ಗಳಿಸಿದ. ತಂಡದ ಅಂಕ ಒಂಬತ್ತು. ರೀಡ್ ಅವರ ಬಿಕ್ಕಟ್ಟು ಈ ಎರಡು ಅಂಕಿಗಳ ನಡುವೆಯೇ ಇದೆ: ತುದಿಯವನಿಗೆ ಏಟು ಕೊಡಲು ಅತ್ಯಂತ ಅನುಕೂಲವಾದ ಜಾಗದಲ್ಲಿ ನಿಲ್ಲುವವನು ಟೈಟ್ ಎಂಡ್, ಅವರ ಟೈಟ್ ಎಂಡೇ ಅವರ ಶ್ರೇಷ್ಠ ಗುರಿ. ಅವನನ್ನು ಅರ್ಧ ಸೆಕೆಂಡು ತಡಮಾಡಲು ಅವರಿಗೆ ಮನಸ್ಸು ಬಾರದು.

ಗಾಯಾಳುಗಳ ಪಟ್ಟಿ ಇಷ್ಟುದ್ದ ಇರುವಾಗ ಯೋಜನೆಯನ್ನು ದೂರುವುದು ಅನ್ಯಾಯ ಎನ್ನುವವರಿದ್ದಾರೆ. ಚೀಫ್ಸ್ ಆಡಳಿತವೂ ಹಾಗೆಯೇ ಯೋಚಿಸಿರಬೇಕು: ಹಳೆಯ ಟ್ಯಾಕಲ್‌ಗಳಿಬ್ಬರನ್ನೂ ಬಿಟ್ಟು, ಆರ್ಲ್ಯಾಂಡೊ ಬ್ರೌನ್, ಜೋ ಥೂನಿ, ಕ್ರೀಡ್ ಹಂಫ್ರಿ, ಟ್ರೇ ಸ್ಮಿತ್‌ರನ್ನು ತಂದು ಸಾಲನ್ನೇ ಹೊಸದಾಗಿ ಕಟ್ಟಿತು. ಆದರೆ 2023ರ ಫೆಬ್ರುವರಿ 12ರಂದು ಅರಿಜೋನಾದಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಎದುರು ಬಲ ಟ್ಯಾಕಲ್ ಜಾಗದಲ್ಲಿ ನಿಂತವನು ಯಾರು? ಅದೇ ಆಂಡ್ರೂ ವೈಲಿ. ಎದುರಾಳಿ ಹಿಂದಿಗಿಂತ ಮೃದುವೂ ಅಲ್ಲ: ಈಗಲ್ಸ್ ಆ ಋತುವಿನಲ್ಲಿ 70 ಸ್ಯಾಕ್ ಮಾಡಿತ್ತು, ಹತ್ತು ದಾಟಿದವರೇ ನಾಲ್ವರು, ಹಾಸನ್ ರೆಡಿಕ್ ಒಬ್ಬನದೇ 16. ಅಂದು ಅವರಿಗೆ ಸಿಕ್ಕ ಸ್ಯಾಕ್ ಸೊನ್ನೆ. ಅದೂ ಮಹೋಮ್ಸ್ ಉಳುಕಿದ ಕಾಲಿನಲ್ಲಿ ಆಡುತ್ತಿದ್ದಾಗ. ಕಾರಣ ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ: 27 ಪಾಸ್, 26 ಓಟ. ಪಾಸ್‌ಗಳಿಂದ ಬಂದದ್ದು 182 ಗಜ ಮಾತ್ರ, ಅಂದರೆ ಚೆಂಡು ಹೆಚ್ಚಾಗಿ ಹತ್ತಿರಕ್ಕೇ ಬೇಗನೆ ಹೋಯಿತು. ಓಟದಿಂದ 158 ಗಜ. ಮುಂದಿನದು ಓಟವೋ ಪಾಸೋ ತಿಳಿಯದ ದಾಳಿಕೋರ ಕಿವಿ ನಿಮಿರಿಸಿ ನುಗ್ಗಲಾರ. ಅವನು ಅನುಮಾನಿಸುವ ಆ ಕ್ಷಣ ವೈಲಿಯಂಥವನಿಗೆ ಸಿಕ್ಕ ಉಡುಗೊರೆ. ಗೆದ್ದವರು ಕೊನೆಯಲ್ಲಿ ಓಡುತ್ತಾರೆ, ಆದ್ದರಿಂದ ಓಟದ ಸಂಖ್ಯೆ ಗೆಲುವಿನ ಫಲವೇ ಹೊರತು ಕಾರಣವಲ್ಲ ಎಂಬ ವಾದ ಸಾಮಾನ್ಯವಾಗಿ ಸರಿ. ಇಲ್ಲಿ ಸಲ್ಲದು. ವಿರಾಮಕ್ಕೆ ಚೀಫ್ಸ್ 14-24ರಿಂದ ಹಿಂದಿತ್ತು. ಆಮೇಲಿನ ಮೊದಲ ಅಂಕಗಳೇ ರನ್ನಿಂಗ್ ಬ್ಯಾಕ್ ಐಸಾಯಾ ಪಚೆಕೊನ ಓಟದಿಂದ ಬಂದವು. ಹತ್ತು ಅಂಕ ಹಿಂದಿದ್ದೂ ತಾಳ್ಮೆ ಕಳೆದುಕೊಳ್ಳದೆ ಆಡಿ 38-35ರಲ್ಲಿ ಗೆದ್ದರು. ಅಂದಿನ ಹುಲ್ಲು ಜಾರುತ್ತಿತ್ತು, ದಾಳಿಕೋರರ ಕಾಲು ನಿಲ್ಲಲಿಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ, ಅದನ್ನು ತಳ್ಳಿಹಾಕಲಾರೆ. ತಿರುವಿನಲ್ಲಿ ಓಡುವವನಿಗೆ ಜಾರುವ ನೆಲ ಹೆಚ್ಚು ಕಾಡುತ್ತದೆ. ಆದರೆ ಹಿಂದಕ್ಕೆ ಸರಿಯುವವನೂ ಅದೇ ಹುಲ್ಲಿನ ಮೇಲಿದ್ದ. ನೆಲ ನೆರವಾಗಿರಬಹುದು, ಸೊನ್ನೆಯನ್ನು ನೆಲವೊಂದೇ ತಂದುಕೊಡಲಾರದು.

ಇಷ್ಟರಿಂದ ರೀಡ್ ಪಾಠ ಕಲಿತರು ಎಂದುಕೊಳ್ಳುವಾಗ 2025ರ ಫೆಬ್ರುವರಿ 9 ಬರುತ್ತದೆ. ನ್ಯೂ ಆರ್ಲಿಯನ್ಸ್, ಮತ್ತೆ ಈಗಲ್ಸ್. ಎಡ ಟ್ಯಾಕಲ್ ಜಾಗ ಋತುವಿಡೀ ತೂತಾಗಿದ್ದರಿಂದ ಲೀಗಿನ ಅತ್ಯುತ್ತಮ ಗಾರ್ಡ್‌ಗಳಲ್ಲೊಬ್ಬನಾದ ಥೂನಿಯನ್ನು ಡಿಸೆಂಬರ್‌ನಲ್ಲಿ ಅಲ್ಲಿಗೆ ಸರಿಸಲಾಗಿತ್ತು. ಅವನ ಜಾಗಕ್ಕೆ ಅನನುಭವಿ ಮೈಕ್ ಕ್ಯಾಲಿಯೆಂಡೊ. ಒಂದು ತೂತು ಮುಚ್ಚಲು ಹೋಗಿ ಎರಡಾದವು. ಈಗಲ್ಸ್‌ನ ರಕ್ಷಣಾ ಸಂಯೋಜಕ ವಿಕ್ ಫ್ಯಾಂಜಿಯೊ ಇಡೀ ಪಂದ್ಯದಲ್ಲಿ ಒಂದು ಬಾರಿಯೂ ಬ್ಲಿಟ್ಜ್ ಮಾಡಲಿಲ್ಲ, ನಾಲ್ವರೇ ಸಾಕಾದರು. ಮಹೋಮ್ಸ್ ಆರು ಬಾರಿ ಸ್ಯಾಕ್ ಆದ, ಅವನ ವೃತ್ತಿಜೀವನದಲ್ಲೇ ಹೆಚ್ಚು. ಎರಡೂವರೆ ಸ್ಯಾಕ್ ಗಳಿಸಿದ ಜಾಶ್ ಸ್ವೆಟ್ ಎರಡು ವರ್ಷ ಹಿಂದಿನ ಸೊನ್ನೆಯ ಪಂದ್ಯದಲ್ಲೂ ಆಡಿದ್ದವನು. ಮೊದಲಾರ್ಧದಲ್ಲಿ ಚೀಫ್ಸ್ ಗಳಿಸಿದ್ದು 23 ಗಜ, ಅಂಕ 0-24. ಇಷ್ಟು ಹಿಂದೆ ಬಿದ್ದವರು ಎಸೆಯದೆ ಏನು ಮಾಡಿಯಾರು ಎಂಬ ಪ್ರಶ್ನೆ ಬರುತ್ತದೆ. ಘಟನೆಗಳ ಅನುಕ್ರಮ ನೋಡಿ: ಎರಡನೇ ಕ್ವಾರ್ಟರ್‌ನಲ್ಲಿ ಅಂಕ ಇನ್ನೂ 0-10 ಇದ್ದಾಗ ಒಂದರ ಹಿಂದೆ ಒಂದು ಸ್ಯಾಕ್, ಹದಿನಾರು ಗಜ ಬೇಕಾದ ಮೂರನೇ ಪ್ರಯತ್ನ, ಅಲ್ಲಿ ಎಸೆದ ಚೆಂಡನ್ನು ಈಗಲ್ಸ್‌ನ ಕೂಪರ್ ಡಿಜೀನ್ ಕಸಿದು ನೇರ ಟಚ್‌ಡೌನ್‌ಗೆ ಓಡಿದ್ದು. ಪಂದ್ಯ ಕೈಬಿಟ್ಟದ್ದು ಎಸೆಯಲೇಬೇಕಾದ ಸ್ಥಿತಿ ಬರುವ ಮುಂಚೆ. ಪಚೆಕೊ ಇಡೀ ರಾತ್ರಿ ಚೆಂಡು ಹೊತ್ತು ಓಡಿದ್ದು ಮೂರು ಬಾರಿ.

ನನ್ನ ವಾದಕ್ಕೆ ಇರುವ ಗಟ್ಟಿ ಆಕ್ಷೇಪ ಇನ್ನೊಂದಿದೆ. ನಾಲ್ವರೇ ದಾಳಿಗೆ ಬಂದು ಏಳು ಮಂದಿ ಹಿಂದೆ ಕಾಯುತ್ತಿರುವಾಗ ತಡೆಗೆಂದು ಇನ್ನಿಬ್ಬರನ್ನು ಉಳಿಸಿಕೊಂಡರೆ, ಓಡುವವರು ಮೂವರೇ ಆಗುತ್ತಾರೆ. ಏಳು ಜನರ ನಡುವೆ ಮೂವರು ಎಲ್ಲಿ ಬಿಡುವು ಕಂಡಾರು? ಕ್ವಾರ್ಟರ್‌ಬ್ಯಾಕ್‌ಗೆ ನಾಲ್ಕು ಸೆಕೆಂಡು ಕೊಟ್ಟು ಎಸೆಯಲು ಯಾರನ್ನೂ ಕೊಡದಂತಾಗುತ್ತದೆ. ಬೋಲ್ಸ್ ಮತ್ತು ಫ್ಯಾಂಜಿಯೊ ಒಡ್ಡಿದ ಬಲೆ ನಿಜಕ್ಕೂ ಇದೇ, ಅದರ ಜಾಣತನವನ್ನು ಒಪ್ಪಲೇಬೇಕು. ಆದರೆ ಉಳಿಸಿಕೊಳ್ಳುವುದೋ ಓಡಿಸುವುದೋ ಎಂಬ ಎರಡೇ ಆಯ್ಕೆ ಇದೆ ಎಂದು ಭಾವಿಸಿದಾಗ ಮಾತ್ರ ಬಲೆ ಬಿಗಿಯುತ್ತದೆ. ಏಟು ಕೊಟ್ಟು ಹೊರಟವನು ತಡವಾದರೂ ಹೊರಟೇ ಇರುತ್ತಾನೆ. ನುಗ್ಗಿ ಬಂದವರ ತಲೆಯ ಮೇಲಿಂದ ರನ್ನಿಂಗ್ ಬ್ಯಾಕ್‌ಗೆ ಹಾಕುವ ಸ್ಕ್ರೀನ್ ಪಾಸ್ ದಾಳಿಯ ವೇಗವನ್ನೇ ಬಂಡವಾಳ ಮಾಡಿಕೊಳ್ಳುತ್ತದೆ. ಏಳು ಮಂದಿ ಹಿಂದಿದ್ದಾರೆ ಎಂದರೆ ಮುಂದೆ ಕಡಿಮೆ ಇದ್ದಾರೆ ಎಂದೂ ಅರ್ಥ, ಓಟಕ್ಕೆ ಅದಕ್ಕಿಂತ ಒಳ್ಳೆಯ ಆಹ್ವಾನ ಬೇರೆ ಬೇಕೆ? ಟ್ಯಾಂಪಾದಲ್ಲಿ ಚೀಫ್ಸ್ 17 ಬಾರಿ ಓಡಿ 107 ಗಜ ಗಳಿಸಿತ್ತು, ಪ್ರತಿ ಓಟಕ್ಕೆ ಆರು ಗಜಕ್ಕೂ ಮಿಗಿಲು. ಅಂದು ಎಸೆದದ್ದು 49 ಬಾರಿ. ಬಾಗಿಲು ತೆರೆದೇ ಇತ್ತು, ಗೋಡೆ ಹಾರುವ ಹಟ ಬಿಡಲಿಲ್ಲ. ಮಹೋಮ್ಸ್‌ಗೂ ಇದರಲ್ಲಿ ಪಾಲಿದೆ. ಒತ್ತಡದ ವಾಸನೆ ಬಡಿದೊಡನೆ ಅವನು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾನೆ. ಅವನು ಇಂಥ ಆಳದಲ್ಲಿ ನಿಂತಿರುತ್ತಾನೆ ಎಂದು ನಂಬಿ ಎದುರಾಳಿಯನ್ನು ಹೊರಗೆ ಸಾಗಹಾಕುತ್ತಿದ್ದ ಟ್ಯಾಕಲ್, ಅರಿವಿಲ್ಲದೆ ಆ ಎದುರಾಳಿಯನ್ನು ನೇರ ತನ್ನ ಒಡೆಯನ ಬಳಿಗೇ ಕರೆತಂದಂತಾಗುತ್ತದೆ. ಬೈಗುಳ ಮಾತ್ರ ಟ್ಯಾಕಲ್‌ಗೆ.

ನ್ಯೂ ಆರ್ಲಿಯನ್ಸ್‌ನ 22-40ರ ಸೋಲಿನ ನಂತರ ಚೀಫ್ಸ್ ಮಾಡಿದ್ದು ಮತ್ತೆ ಪೇಟೆಗೆ ಹೋಗುವ ಕೆಲಸವನ್ನೇ. ಥೂನಿಯನ್ನು ಚಿಕಾಗೊಗೆ ಕೊಟ್ಟು, ಸ್ಯಾನ್ ಫ್ರಾನ್ಸಿಸ್ಕೊದಿಂದ ಜೇಲನ್ ಮೂರ್‌ನನ್ನು ತಂದು, ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ತನ್ನ ಮೊದಲ ಆಯ್ಕೆಯನ್ನು ಓಹಾಯೊ ಸ್ಟೇಟ್‌ನ ಎಡ ಟ್ಯಾಕಲ್ ಜಾಶ್ ಸಿಮನ್ಸ್‌ಗೆ ಮೀಸಲಿಟ್ಟಿತು. ಒಳ್ಳೆಯ ಆಟಗಾರರನ್ನು ತರಬಾರದೆಂದಲ್ಲ. ಆದರೆ ಮೂರನೇ ಪ್ರಯತ್ನಕ್ಕೆ ಹನ್ನೆರಡು ಗಜ ಬೇಕಿರುವಾಗ ಸಿಮನ್ಸ್ ಎದುರಿಗಿನ ದಾಳಿಕೋರನಿಗೆ ಮೊದಲ ಏಟು ಕೊಡುವವನು ಯಾರು, ಅದಕ್ಕಾಗಿ ಯಾರ ಕ್ಯಾಚು ತಪ್ಪಿದರೂ ಪರವಾಗಿಲ್ಲ ಎಂಬುದು ರೀಡ್ ಅವರ ಕೈಹಾಳೆಯಲ್ಲಿ ಬರೆಯಬೇಕಾದ ಉತ್ತರ. ಅದನ್ನು ಡ್ರಾಫ್ಟ್‌ನಲ್ಲಿ ಆರಿಸಿ ತರಲು ಬರುವುದಿಲ್ಲ.